ಕಾಲಿ ನಗರದ ಸಾಲ್ಸಾ ಬಾರ್‌ಗಳಲ್ಲಿ ಒಂದು ರಾತ್ರಿ: ಹೊರಡುವ ಮುನ್ನ, ಕುಣಿಯುವಾಗ, ಮರಳುವಾಗ

ಬಾಗಿಲೆಂದರೆ ಅರ್ಧ ಎತ್ತಿದ ತಗಡಿನ ಶಟರ್. ಒಳಗೆ ಕೆಂಪು ಬಲ್ಬು, ಗೋಡೆ ತುಂಬ ಮಾಸಿದ ಎಲ್‌ಪಿ ಹೊದಿಕೆಗಳು, ಹೆಂಚಿನ ನೆಲ, ಪ್ಲಾಸ್ಟಿಕ್ ಕುರ್ಚಿಗಳು. ಮೂಲೆಯ ಮೇಜಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದಾರೆ. ಎಡಗೈಯಲ್ಲಿ ಹಸುವಿನ ಕೊರಳಿಗೆ ಕಟ್ಟುವಂಥ ಲೋಹದ ಗಂಟೆ, ಬಲಗೈಯಲ್ಲಿ ಕೋಲು. ಸ್ಪೀಕರಿನಲ್ಲಿ ಬರುತ್ತಿರುವ ಹಾಡಿಗೆ ಒಂದು ಪೆಟ್ಟೂ ತಪ್ಪದಂತೆ ಬಾರಿಸುತ್ತಿದ್ದಾರೆ. ಅವರು ವಾದ್ಯಗಾರರಲ್ಲ, ಗಿರಾಕಿ. ಗಂಟೆಯನ್ನು ಮನೆಯಿಂದಲೇ ತಂದಿದ್ದಾರೆ.

ಕೊಲಂಬಿಯಾದ ಕಾಲಿ ನಗರದಲ್ಲಿ ಕೆಲಸದ ನಿಮಿತ್ತ ಎರಡು ವರ್ಷ ಇದ್ದೆ. ಇಂಥದೊಂದು ಬಾಗಿಲಿನ ಮುಂದೆ ಮೊದಲ ಸಲ ನಿಂತಾಗ ಒಳಗೆ ಹೋಗಲು ಧೈರ್ಯ ಸಾಲದೆ ಮರಳಿ ಬಂದಿದ್ದೆ. ಮುಂದಿನ ವಾರ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ಆಮೇಲೆ ಆ ಊರಿನಲ್ಲಿ ಕಳೆದ ಒಳ್ಳೆಯ ರಾತ್ರಿಗಳೆಲ್ಲ ಅಂಥ ಜಾಗಗಳಲ್ಲೇ. ಈಗ ಅಮೆರಿಕದಲ್ಲಿರುವ ನಮ್ಮವರು ರಜೆಗೆ ಕೊಲಂಬಿಯಾಕ್ಕೆ ಹೋಗುವುದು ಸಾಮಾನ್ಯವಾಗಿದೆ. ‘ಅಲ್ಲಿನ ಬಾರ್‌ಗಳಿಗೆ ಹೋಗಬಹುದೇ, ಅಪಾಯವೇ?’ ಎಂದು ಕೇಳುತ್ತಾರೆ. ಹೋಗಬಹುದು, ಹೋಗಬೇಕು. ಆದರೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಹೊರಗಿನಿಂದ ಒರಟಾಗಿ ಕಾಣುವ ಈ ಜಾಗಗಳು ಆ ಬಡಾವಣೆಯ ಜಗಲಿಗಳು. ಬೇರೆಯವರ ಜಗಲಿಯಲ್ಲಿ ಅತಿಥಿ ಹೇಗೆ ಕುಳಿತುಕೊಳ್ಳುತ್ತಾನೋ ಹಾಗೆ ಕುಳಿತರೆ ನಿಮ್ಮ ಸಂತೋಷವೂ ಸುರಕ್ಷತೆಯೂ ಒಟ್ಟಿಗೇ ಬರುತ್ತವೆ.

ಮೊದಲು ಊರನ್ನು ತಿಳಿದುಕೊಳ್ಳಿ

ಸಾಲ್ಸಾ ಎಂಬ ಈ ಸಂಗೀತ, ಕುಣಿತ ಹುಟ್ಟಿದ್ದು ಕಾಲಿಯಲ್ಲಲ್ಲ. ಅದರ ಬೇರು ಕ್ಯೂಬಾ ಮತ್ತು ಪೋರ್ಟೊ ರಿಕೊದಲ್ಲಿದೆ. ಅದಕ್ಕೆ ಆ ಹೆಸರು ಅಂಟಿದ್ದು ನ್ಯೂಯಾರ್ಕಿನಲ್ಲಿ. ಪೆಸಿಫಿಕ್ ಕರಾವಳಿಯ ಬ್ವೇನಾವೆಂತುರಾ ಬಂದರಿಗೆ ಹಡಗುಗಳಲ್ಲಿ ಬಂದಿಳಿದ ಗ್ರಾಮಫೋನ್ ತಟ್ಟೆಗಳು ಅಲ್ಲಿಂದ ಕಾಲಿಗೆ ತಲುಪಿದವು. ಸುತ್ತಲಿನ ಕಬ್ಬಿನ ಗದ್ದೆಗಳು, ಸಕ್ಕರೆ ಕಾರ್ಖಾನೆಗಳು, ರೈಲ್ವೆ ಇವುಗಳಲ್ಲಿ ದುಡಿಯುತ್ತಿದ್ದ ಜನ ವಾರದ ಕೊನೆಗೆ ಆ ತಟ್ಟೆಗಳಿಗೆ ಕುಣಿದರು. ಕಾಲಿಯ ಒಂದು ಬಡಾವಣೆಯ ಹೆಸರು ಬಾರ್ರಿಯೊ ಒಬ್ರೇರೊ, ಹಾಗೆಂದರೆ ಕಾರ್ಮಿಕರ ಬಡಾವಣೆ ಎಂದೇ ಅರ್ಥ.

ಅರವತ್ತರ ದಶಕದಲ್ಲಿ ಇಲ್ಲಿನವರು ಒಂದು ವಿಚಿತ್ರ ಕೆಲಸ ಮಾಡಿದರು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 45 ಸುತ್ತಿಗೆ ಇಟ್ಟು ನುಡಿಸತೊಡಗಿದರು. ಹಾಡು ಮೂರನೇ ಒಂದು ಪಾಲಿಗಿಂತ ಹೆಚ್ಚು ವೇಗ ಪಡೆಯಿತು, ಗಾಯಕರ ದನಿ ಚಿಕ್ಕ ಮಕ್ಕಳ ದನಿಯಾಯಿತು, ಕುಣಿಯುವವರ ಕಾಲುಗಳು ಓಡತೊಡಗಿದವು. ಕಾಲಿಯ ಸಾಲ್ಸಾ ಶೈಲಿ ಹುಟ್ಟಿದ್ದು ಹೀಗೆ. ನ್ಯೂಯಾರ್ಕಿನವರಂತೆ ಜೋಡಿಯನ್ನು ಸುತ್ತಿಸುವ ಚಮತ್ಕಾರ ಇಲ್ಲಿ ಕಡಿಮೆ. ಎದೆ, ಭುಜ ನೆಟ್ಟಗೆ ನಿಶ್ಚಲವಾಗಿರುತ್ತವೆ, ಮೊಣಕಾಲಿನಿಂದ ಕೆಳಗೆ ಮಿಂಚು ಹೊಡೆಯುತ್ತಿರುತ್ತದೆ. ಕಾಲಿ ಎಂಬ ಹೆಸರೇ ಕನ್ನಡದ ಕಿವಿಗೆ ಕಾಲನ್ನು ನೆನಪಿಸುತ್ತದೆ. ಅಲ್ಲಿನ ಕುಣಿತವನ್ನು ನೋಡಿದ ಮೇಲೆ ಆ ಹೋಲಿಕೆ ನನ್ನ ಮನಸ್ಸಿನಿಂದ ಹೋಗಿಯೇ ಇಲ್ಲ.

ಒರಟುತನಕ್ಕೂ ಒಂದು ಚರಿತ್ರೆಯಿದೆ. ಕೌಕಾ ನದಿಯ ಸೇತುವೆ ದಾಟಿದರೆ ಹುವಾಂಚಿತೊ. ಅದು ಕಾಲಿ ನಗರಸಭೆಯ ಎಲ್ಲೆಯಾಚೆ ಇರುವುದರಿಂದ, ಊರೊಳಗಿನ ಬಾರ್‌ಗಳು ಮುಚ್ಚಿದ ಮೇಲೆ ಜನ ಅಲ್ಲಿಗೆ ಹೋಗಿ ಬೆಳಗಿನವರೆಗೆ ಕುಣಿಯುತ್ತಿದ್ದರು. ಎಂಬತ್ತರ ದಶಕದಲ್ಲಿ ಮಾದಕವಸ್ತು ಜಾಲದ ಹಣ ನೀರಿನಂತೆ ಹರಿದು ದೊಡ್ಡ ದೊಡ್ಡ ನೃತ್ಯಶಾಲೆಗಳು ಎದ್ದವು. 1995ರಲ್ಲಿ ಆ ಜಾಲದ ಮುಖ್ಯಸ್ಥರಾದ ರೊಡ್ರಿಗೆಸ್ ಒರೆಹುವೇಲಾ ಸೋದರರ ಬಂಧನವಾದ ನಂತರ ಹಣ ಬತ್ತಿತು, ಎಷ್ಟೋ ಬಾಗಿಲುಗಳು ಮುಚ್ಚಿದವು. ಹುವಾಂಚಿತೊ ಈಗ ಹೆಚ್ಚಾಗಿ ನೆನಪು. ಮೊದಲ ಭೇಟಿಯಲ್ಲಿ ರಾತ್ರಿ ಅಲ್ಲಿಗೆ ಹೋಗಬೇಡಿ. ಆದರೆ ಆ ಹಣ ಬರುವುದಕ್ಕೂ ಮೊದಲೇ ಬಡಾವಣೆಯ ಚಿಕ್ಕ ಬಾರ್‌ಗಳಿದ್ದವು, ಹಣ ಹೋದ ಮೇಲೂ ಉಳಿದವು. ನಾನು ನಿಮ್ಮನ್ನು ಕಳಿಸುತ್ತಿರುವುದು ಅಲ್ಲಿಗೆ.

ಒಂದು ವಾರ ಅಡುಗೆಮನೆಯಲ್ಲಿ ಕುಣಿಯಿರಿ

ಏನೂ ಬಾರದೆ ಹೋದರೂ ಯಾರೂ ನಗುವುದಿಲ್ಲ. ಆದರೂ ಒಂದು ಹೆಜ್ಜೆ ಕಲಿತು ಹೋದರೆ ರಾತ್ರಿಯೇ ಬೇರೆಯಾಗುತ್ತದೆ. ಕಾಲುಚೀಲ ಹಾಕಿಕೊಂಡು ನುಣುಪಾದ ನೆಲದ ಮೇಲೆ ನಿಂತು ‘ತಕಧಿಮಿ’ ಎಂದು ನಿಧಾನವಾಗಿ ಹೇಳಿಕೊಳ್ಳಿ. ‘ತ’ ಎನ್ನುವಾಗ ಎಡಗಾಲನ್ನು ಹಿಂದಿಡಿ. ‘ಕ’ ಎನ್ನುವಾಗ ಬಲಗಾಲನ್ನು ಇದ್ದಲ್ಲೇ ಊರಿ. ‘ಧಿ’ ಎನ್ನುವಾಗ ಎಡಗಾಲನ್ನು ಮರಳಿ ಬಲಗಾಲಿನ ಪಕ್ಕಕ್ಕೆ ತನ್ನಿ. ‘ಮಿ’ ಎನ್ನುವಾಗ ಬಲಗಾಲಿನ ತುದಿಯನ್ನು ನೆಲಕ್ಕೆ ಮುಟ್ಟಿಯೂ ಮುಟ್ಟದಂತೆ ತಟ್ಟಿ, ಭಾರ ಹಾಕಬೇಡಿ. ಈಗ ಬಲಗಾಲು ಖಾಲಿಯಿದೆ, ಅದನ್ನು ಹಿಂದಿಟ್ಟು ಇನ್ನೊಂದು ತಕಧಿಮಿ. ಇಷ್ಟೇ. ಕಾಲಿಯ ಕುಣಿತದ ರುಚಿಯೆಲ್ಲ ಆ ನಾಲ್ಕನೆಯ ‘ಮಿ’ಯಲ್ಲಿದೆ. ಅಲ್ಲಿನವರು ಅದನ್ನು ತಟ್ಟುತ್ತಾರೆ, ಒದೆಯುತ್ತಾರೆ, ಗಾಳಿಯಲ್ಲಿ ತೇಲಿಸುತ್ತಾರೆ. ನಿಮಗೆ ಬರೀ ತಟ್ಟಲು ಬಂದರೆ ಸಾಕು.

ಹೆಜ್ಜೆ ಚಿಕ್ಕದಾಗಿರಲಿ, ಒಂದು ಊಟದ ತಟ್ಟೆಯ ಅಗಲ ಮೀರದಿರಲಿ. ಬಾರ್‌ನಲ್ಲಿ ನಿಮಗೆ ಸಿಗುವ ಜಾಗ ಅಷ್ಟೇ.

ಕಿವಿಗೂ ಒಂದು ಪಾಠವಿದೆ. ಸಾಲ್ಸಾದ ಒಳಗೆ ಕ್ಲಾವೆ ಎಂಬ ಐದು ಪೆಟ್ಟುಗಳ ಒಂದು ಆವರ್ತ ಓಡುತ್ತಿರುತ್ತದೆ. ಒಂದು ಅರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. ಕೆಲವು ಹಾಡುಗಳಲ್ಲಿ ಎರಡು ಮೊದಲು, ಮೂರು ಆಮೇಲೆ. ಎರಡು ಗಟ್ಟಿ ಮರದ ಕಡ್ಡಿಗಳನ್ನು ಬಡಿದು ಅದನ್ನು ನುಡಿಸುತ್ತಾರೆ. ಎಷ್ಟೋ ಸಲ ಯಾರೂ ಅದನ್ನು ನುಡಿಸುತ್ತಿರುವುದಿಲ್ಲ, ಆದರೂ ಎಲ್ಲ ವಾದ್ಯಗಳೂ ಅದಕ್ಕೆ ತಲೆಬಾಗಿ ನಡೆಯುತ್ತಿರುತ್ತವೆ. ಭಜನೆಯಲ್ಲಿ ದನಿಗಳು ಎತ್ತ ಹೋದರೂ ತಾಳದವನು ಎಲ್ಲರನ್ನೂ ಹಿಡಿದಿಟ್ಟುಕೊಳ್ಳುವುದನ್ನು ಕೇಳಿ ಬೆಳೆದವರಿಗೆ ಇದು ಬೇಗ ಹತ್ತಿರವಾಗುತ್ತದೆ. ಹಾಗೆಯೇ ಇನ್ನೊಂದು ಮಾತು. ಪೋರ್ಚುಗೀಸರ ಹಡಗುಗಳು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದವು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮಿ ಆ ದಾರಿಯಲ್ಲಿ ಉಳಿದುಬಂದ ವಾದ್ಯ. ಅದೇ ಕಾಲದಲ್ಲಿ ಬೇರೆ ಹಡಗುಗಳು ಆಫ್ರಿಕಾದವರನ್ನು ಕೊಲಂಬಿಯಾದ ಕಾರ್ತಹೇನಾ ಬಂದರಿಗೂ ತಂದವು. ಕಾಲಿಯ ಜನಸಂಖ್ಯೆಯಲ್ಲಿ ಅವರ ವಂಶದವರ ಪಾಲು ದೊಡ್ಡದು. ಕೋಂಗಾ ಮದ್ದಳೆಯ ಪೆಟ್ಟು ಎದೆಗೆ ತಾಗಿದಾಗ ನನಗೆ ಯಲ್ಲಾಪುರದ ಕಡೆ ಕೇಳಿದ ಡಮಾಮಿಯ ನೆನಪಾಗಿ ಗಂಟಲು ಕಟ್ಟಿದ್ದಿದೆ.

ಯಾವ ದಿನ, ಎಲ್ಲಿಗೆ

ಗುರುವಾರದಿಂದ ಶನಿವಾರದವರೆಗಿನ ರಾತ್ರಿಗಳು ಖಚಿತ. ಉಳಿದ ದಿನಗಳಲ್ಲಿ ಯಾವುದು ತೆರೆದಿರುತ್ತದೆ ಎಂದು ನೀವಿಳಿದ ಹೋಟೆಲಿನಲ್ಲಿ ಕೇಳಿಕೊಳ್ಳಿ. ಚುನಾವಣೆಯ ವಾರಾಂತ್ಯದಲ್ಲಿ ಅಲ್ಲೂ ಮದ್ಯ ನಿಷೇಧವಿರುತ್ತದೆ, ದಿನಾಂಕ ನೋಡಿಕೊಂಡು ಹೋಗಿ.

ಡಿಸೆಂಬರ್ 25ರಿಂದ 30ರವರೆಗೆ ಕಾಲಿಯ ಊರಹಬ್ಬ. ಅದರ ಹುಟ್ಟು ಒಂದು ದುರಂತದಿಂದ. 1956ರ ಆಗಸ್ಟ್ 7ರಂದು ಡೈನಮೈಟ್ ತುಂಬಿದ್ದ ಸೇನೆಯ ಲಾರಿಗಳು ಊರೊಳಗೆ ಸ್ಫೋಟಿಸಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಎದೆಗುಂದಿದ ಊರನ್ನು ಎಬ್ಬಿಸಲು 1957ರ ಕೊನೆಯಲ್ಲಿ ಈ ಹಬ್ಬ ಶುರುವಾಯಿತು. ಮೊದಲ ದಿನ ನೃತ್ಯಶಾಲೆಗಳ ನೂರಾರು ಕಲಾವಿದರು ಸಾಲ್ಸೋದ್ರೊಮೊ ಮೆರವಣಿಗೆಯಲ್ಲಿ ಬೀದಿಯುದ್ದಕ್ಕೂ ಕುಣಿದು ಸಾಗುತ್ತಾರೆ. ಜೀವಮಾನದಲ್ಲಿ ಒಮ್ಮೆ ನೋಡಬೇಕಾದ್ದು ನಿಜ. ಆದರೆ ಬಾರ್‌ಗಳನ್ನು ಅರಿಯಲು ಅದು ಸಮಯವಲ್ಲ, ಕಾಲಿಡಲು ಜಾಗವಿರುವುದಿಲ್ಲ. ನನ್ನ ಕೈಯಲ್ಲಿ ಆಯ್ಕೆಯಿದ್ದರೆ ಸಾಮಾನ್ಯ ತಿಂಗಳಿನ ಒಂದು ಗುರುವಾರವನ್ನೇ ಹೇಳುತ್ತೇನೆ.

ಜಾಗಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿ. ಮೊದಲ ರಾತ್ರಿ ಕಾಯೆ ಸಿಂಕೊ, ಎಂದರೆ ಐದನೇ ಬೀದಿಯ ಲಾ ತೋಪಾ ತೊಲೊಂದ್ರಾ ಅಥವಾ ಟಿನ್ ಟಿನ್ ದೇಓ. ಎರಡೂ ಹೆಸರಾಂತ ಜಾಗಗಳು. ಹೊರಗಿನವರು ಬಂದು ಹೋಗುವ ರೂಢಿಯಿದೆ, ಊರಿನ ಒಳ್ಳೆಯ ನೃತ್ಯಗಾರರೂ ಬರುತ್ತಾರೆ. ಎರಡನೆಯ ರಾತ್ರಿ ಊರಿನ ಉತ್ತರದ ಸಪೆರೋಕೊ. ಅಲ್ಲಿನ ಸೆಖೆಯಲ್ಲಿ ಅರ್ಧ ಗಂಟೆಯೊಳಗೆ ಅಂಗಿ ಒದ್ದೆ. ಮೂರನೆಯ ರಾತ್ರಿ ಬಾರ್ರಿಯೊ ಒಬ್ರೇರೊದ ಲಾ ನೆಲ್ಲಿತೇಕಾದಂಥ ಚಿಕ್ಕ ಬಾರ್. ನಾನು ಆರಂಭದಲ್ಲಿ ಹೇಳಿದ ಗಂಟೆಯ ಹಿರಿಯರಂಥವರು ಸಿಗುವುದು ಆ ಬಡಾವಣೆಯಲ್ಲಿ. ಅಲ್ಲಿಗೆ ಊರಿನ ಒಬ್ಬರ ಜೊತೆಗೇ ಹೋಗಿ. ಎರಡು ದಿನ ಹಗಲು ಹೊತ್ತು ನೃತ್ಯಶಾಲೆಯೊಂದರಲ್ಲಿ ತರಗತಿಗೆ ಸೇರಿದರೆ ಜೊತೆ ತಾನಾಗಿಯೇ ಸಿಗುತ್ತದೆ. ಸಂಜೆ ಎಲ್ಲಿ ಕುಣಿಯುತ್ತೀರಿ ಎಂದು ಕಲಿಸುವವರನ್ನು ಕೇಳಿದರೆ ‘ಬನ್ನಿ’ ಎನ್ನದ ಕಲೇನ್ಯೊನನ್ನು, ಎಂದರೆ ಕಾಲಿಯವನನ್ನು, ನಾನು ನೋಡಿಲ್ಲ. ಅದೇ ಬಡಾವಣೆಯಲ್ಲಿ ಸಾಲ್ಸಾ ಸಂಗ್ರಹಾಲಯವೊಂದಿದೆ, ಹಳೆಯ ಛಾಯಾಚಿತ್ರಗಳ ಖಜಾನೆ. ಹಗಲಿನಲ್ಲಿ ಅದನ್ನು ನೋಡಲು ಹೋದರೆ ರಾತ್ರಿಯ ಬೀದಿಗಳ ಪರಿಚಯವೂ ಆಗುತ್ತದೆ.

ಸಂಜೆ: ಹೊಟ್ಟೆ, ಬಟ್ಟೆ, ಜೇಬು

ಕಾಲಿ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಸೆಖೆ ಹೆಚ್ಚು. ಸಂಜೆಯಾಗುತ್ತಲೇ ಫರಾಯೋನೆಸ್ ಬೆಟ್ಟಗಳಿಂದ ತಂಗಾಳಿ ಬೀಸುತ್ತದೆ, ಊರಿಗೆ ಊರೇ ಹೊರಗೆ ಬಂದು ಕೂರುತ್ತದೆ. ಸಾನ್ ಆಂತೋನಿಯೊ ಗುಡ್ಡದ ಚರ್ಚಿನ ಮುಂದೆ ಹುಲ್ಲಿನ ಮೇಲೆ ಕುಳಿತು ಆ ಗಾಳಿಗೆ ಮುಖವೊಡ್ಡಿ ರಾತ್ರಿಯನ್ನು ಶುರುಮಾಡಿ.

ಹೊಟ್ಟೆ ತುಂಬಿಸಿಕೊಂಡೇ ಹೋಗಿ, ಬಾರ್‌ಗಳಲ್ಲಿ ಊಟ ಸಿಗುವುದು ಅಪರೂಪ. ಸಸ್ಯಾಹಾರಿಗಳಿಗೆ ಪಾಂದೆಬೋನೊ ಇದೆ, ಮರಗೆಣಸಿನ ಹಿಟ್ಟು ಮತ್ತು ಚೀಸ್ ಸೇರಿಸಿ ಸುಟ್ಟ ಬಿಸಿ ಬನ್ನು. ಅಬೊರ್ರಹಾದೊ ಎಂದರೆ ಮಾಗಿದ ಬಾಳೆಹಣ್ಣಿನೊಳಗೆ ಚೀಸ್ ಇಟ್ಟು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಮೊಟ್ಟೆ ತಿನ್ನದವರು ಕೇಳಿಕೊಳ್ಳಿ. ಬೀದಿಬದಿಯಲ್ಲಿ ಹೆಂಗಸರು ಬೇಯಿಸಿ ಸಿಪ್ಪೆ ಬಿಡಿಸಿಟ್ಟುಕೊಂಡು ಮಾರುವ ಚೊಂತದೂರೊ ಎಂಬ ತಾಳೆಜಾತಿಯ ಹಣ್ಣಿಗೆ ಉಪ್ಪು, ಜೇನು ಹಾಕಿಸಿಕೊಂಡು ತಿನ್ನಿ, ಹಿಟ್ಟುಹಿಟ್ಟಾಗಿ ಗಟ್ಟಿಯಾಗಿರುತ್ತದೆ. ಲುಲೊ ಹಣ್ಣನ್ನು ಹಿಸುಕಿ ಮಂಜುಗಡ್ಡೆ ಹಾಕಿದ ಲುಲಾದಾ ಕುಡಿಯದೆ ಊರು ಬಿಡಬೇಡಿ. ಮರ್ರಾನೀತಾ ಎಂಬುದರಲ್ಲಿ ಹಂದಿಮಾಂಸ ಇರುತ್ತದೆ, ನೋಡಲು ಬಾಳೆಕಾಯಿ ಉಂಡೆ ಅಷ್ಟೇ. ಎಂಪನಾದಾಗಳಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತದೆ.

ಬಟ್ಟೆಯ ವಿಷಯದಲ್ಲಿ ಪ್ರವಾಸಿಗರು ಮಾಡುವ ತಪ್ಪು ಒಂದೇ. ಜಾಗ ಒರಟು ಎಂದುಕೊಂಡು ಚಡ್ಡಿ, ಚಪ್ಪಲಿಯಲ್ಲಿ ಹೋಗುತ್ತಾರೆ. ಅಲ್ಲಿಗೆ ಬರುವ ಮೇಸ್ತ್ರಿ, ಚಾಲಕ, ದರ್ಜಿ ಎಲ್ಲರೂ ವಾರದ ಒಳ್ಳೆಯ ಬಟ್ಟೆಯನ್ನು ಆ ರಾತ್ರಿಗಾಗಿ ಎತ್ತಿಟ್ಟಿರುತ್ತಾರೆ. ಅದನ್ನು ಗೌರವಿಸಿ. ಇಸ್ತ್ರಿ ಮಾಡಿದ ಅಂಗಿ, ಉದ್ದ ಪ್ಯಾಂಟು, ನುಣುಪು ಅಟ್ಟೆಯ ಬೂಟು ಇರಲಿ. ಓಟದ ಬೂಟುಗಳ ರಬ್ಬರು ನೆಲವನ್ನು ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗದೆ ಮೊಣಕಾಲು ಉಳುಕುತ್ತದೆ. ಹೆಂಗಸರಿಗೆ ಗಟ್ಟಿ ಪಟ್ಟಿಯಿರುವ, ಕಡಿಮೆ ಎತ್ತರದ ಹಿಮ್ಮಡಿ ಒಳ್ಳೆಯದು. ಬೆವರೊರೆಸಲು ದೊಡ್ಡ ಕರವಸ್ತ್ರ, ಸಾಧ್ಯವಾದರೆ ಬ್ಯಾಗಿನಲ್ಲಿ ಇನ್ನೊಂದು ಅಂಗಿ. ಒದ್ದೆ ಅಂಗಿಯಲ್ಲಿ ಇನ್ನೊಬ್ಬರನ್ನು ಕುಣಿಯಲು ಕರೆಯುವುದು ಸಭ್ಯತೆಯಲ್ಲ.

ಜೇಬಿನಲ್ಲಿ 10,000 ಮತ್ತು 20,000 ಪೆಸೊ ನೋಟುಗಳು ಸಾಕಷ್ಟಿರಲಿ, ಅದನ್ನು ಎರಡು ಕಡೆ ಹಂಚಿಡಿ. ಎಟಿಎಂನಿಂದ ಹಣ ತೆಗೆಯುವುದು ಹಗಲಲ್ಲಿ, ಮಾಲ್‌ನ ಒಳಗೆ. ಪಾಸ್‌ಪೋರ್ಟ್ ಹೋಟೆಲಿನಲ್ಲೇ ಇರಲಿ, ನಕಲು ಪ್ರತಿ ನಿಮ್ಮ ಹತ್ತಿರ. ಚಿನ್ನದ ಸರ, ದುಬಾರಿ ಗಡಿಯಾರ ಬೇಡ. ಮಾಂಗಲ್ಯವನ್ನು ಆ ರಾತ್ರಿ ತೆಗೆದಿಡುವ ಮನಸ್ಸಿಲ್ಲದಿದ್ದರೆ ಕುತ್ತಿಗೆ ಮುಚ್ಚುವ ರವಿಕೆ ತೊಡಿ.

ಮೊದಲ ಒಂದು ಗಂಟೆ ಕುಳಿತಿರಿ

ಹತ್ತು ಗಂಟೆಗೆ ಮೊದಲು ಹೋದರೆ ಖಾಲಿ ಕುರ್ಚಿಗಳೇ ಕಾಣುತ್ತವೆ. ಆದರೆ ಒಂಬತ್ತೂವರೆಗೆ ಹೋದರೆ ಗೋಡೆಗೆ ಬೆನ್ನು ತಾಗುವ ಮೇಜು ಸಿಗುತ್ತದೆ, ನಾನು ಹಾಗೆಯೇ ಮಾಡುತ್ತಿದ್ದೆ. ಬಾಗಿಲಲ್ಲಿ ಮೈ ತಡವಿ ತಪಾಸಣೆ ಮಾಡುತ್ತಾರೆ, ಬೇಸರಿಸಬೇಡಿ. ಒಳಗೆ ಹೊರಹೋಗುವ ದಾರಿ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳಿ.

ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೋಟ ತರಿಸುವ ಪದ್ಧತಿಯಿಲ್ಲ. ಮೇಜಿಗೆ ಒಂದು ಬಾಟಲಿ, ಸಾಮಾನ್ಯವಾಗಿ ‘ಮೇದಿಯಾ’ ಎಂದರೆ 375 ಮಿಲಿ ಲೀಟರಿನ ಅರ್ಧ ಬಾಟಲಿ ತರಿಸಿ ಹಂಚಿಕೊಳ್ಳುತ್ತಾರೆ. ಕಬ್ಬಿನಿಂದ ಮಾಡಿದ ಅಗ್ವಾರ್ದಿಯೆಂತೆ ಎಂಬ ಮದ್ಯಕ್ಕೆ ಸೋಂಪಿನ ಪರಿಮಳ. ಆ ಜಿಲ್ಲೆಯದೇ ಆದ ಬ್ಲಾಂಕೊ ದೆಲ್ ವಾಯೆ ಎಲ್ಲ ಮೇಜುಗಳ ಮೇಲೂ ಕಾಣುತ್ತದೆ. ಚಿಕ್ಕ ಚಿಕ್ಕ ಲೋಟಗಳಲ್ಲಿ ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ, ಜೊತೆಗೆ ನೀರು. ಗಂಟಲಿಗೆ ಮೃದು ಎಂದು ಮೋಸ ಹೋಗಬೇಡಿ. ಕುಡಿಯದವರು ಸಂಕೋಚಪಡಬೇಕಿಲ್ಲ. ‘ಆಗ್ವಾ ಕೋನ್ ಗಾಸ್’ ಎಂದರೆ ಸೋಡಾ ನೀರು ಬರುತ್ತದೆ. ಅಲ್ಲಿನ ಅತ್ಯುತ್ತಮ ನೃತ್ಯಗಾರರಲ್ಲಿ ಹಲವರು ರಾತ್ರಿಯಿಡೀ ನೀರನ್ನೇ ಕುಡಿಯುವುದನ್ನು ನೋಡಿದ್ದೇನೆ.

ಆ ಒಂದು ಗಂಟೆ ಸುಮ್ಮನೆ ನೋಡಿ. ಮೊಬೈಲ್ ಜೇಬಿನಲ್ಲಿರಲಿ. ಯಾರು ಯಾರ ಜೊತೆ ಬಂದಿದ್ದಾರೆ, ಯಾರು ಎಲ್ಲರ ಜೊತೆಗೂ ಕುಣಿಯುತ್ತಾರೆ, ಯಾವ ಮೇಜಿನವರು ತಮ್ಮಷ್ಟಕ್ಕೆ ತಾವಿರಲು ಬಯಸುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಹಾಡು ಹಾಕುವವನ ಕೈಯನ್ನು ಗಮನಿಸಿ. ಒಳ್ಳೆಯ ಬಾರ್‌ನಲ್ಲಿ ಆತ ಊರಿನ ಗೌರವದ ಮನುಷ್ಯ. ಸಾವಿರಾರು ತಟ್ಟೆಗಳ ನಡುವಿನಿಂದ ಒಂದನ್ನು ಎಳೆದು, ಅಂಗಿಯ ಅಂಚಿನಿಂದ ಧೂಳೊರೆಸಿ, ಮುಳ್ಳನ್ನು ಇಳಿಸುವ ಆ ಎರಡು ಕ್ಷಣ ಇಡೀ ಬಾರ್ ಕಾಯುತ್ತದೆ. ಮೊದಲ ತುತ್ತೂರಿಯ ಸದ್ದಿಗೇ ಹಾಡನ್ನು ಗುರುತಿಸಿ ಮೂರು ಮೇಜುಗಳಿಂದ ಕೂಗು ಏಳುತ್ತದೆ. ಕಾಲಿಯಲ್ಲಿ ಇಂಥ ಕೇಳುಗರಿಗೆ ‘ಮೆಲೋಮಾನೊ’ ಎನ್ನುತ್ತಾರೆ. ಯಾವ ಹಾಡಿನ ಪಿಯಾನೊ ಯಾರು ನುಡಿಸಿದ್ದು, ಯಾವ ವರ್ಷದ ಮುದ್ರಣ ಎಂಬುದನ್ನು ನಮ್ಮ ಹಳೆಯ ರಂಗಗೀತೆಗಳ ರಸಿಕರಂತೆ ಬಾಯಲ್ಲೇ ಹೇಳುತ್ತಾರೆ. ಪಕ್ಕದಲ್ಲಿ ಅಂಥವರೊಬ್ಬರು ಸಿಕ್ಕರೆ ಅಂದು ಕುಣಿಯದಿದ್ದರೂ ನಷ್ಟವಿಲ್ಲ.

ಹೈರೊ ವಾರೇಲಾ ಕಟ್ಟಿದ ಗ್ರೂಪೊ ನೀಚೆ ತಂಡ 1984ರಲ್ಲಿ ತಂದ ‘ಕಾಲಿ ಪಚಾಂಗೇರೊ’ ಆ ಊರಿನ ನಾಡಗೀತೆಯಂತೆ. ಅದು ಬಂದಾಗ ಕುಳಿತಿರಬೇಡಿ, ಎದ್ದು ನಿಲ್ಲಿ. ಯಾರೂ ಕುಳಿತಿರುವುದಿಲ್ಲ.

ಕುಣಿಯಲು ಕೇಳುವ ಬಗೆ

ಈ ಭಾಗವನ್ನು ನಮ್ಮ ಗಂಡಸರು ಎರಡು ಸಲ ಓದಬೇಕೆಂದು ನನ್ನ ವಿನಂತಿ.

ಕಾಲಿಯಲ್ಲಿ ಜನ ಗುಂಪಾಗಿ ಬಂದು ಮೇಜಿನ ಸುತ್ತ ಕೂರುತ್ತಾರೆ, ಹೆಚ್ಚಾಗಿ ತಮ್ಮೊಳಗೇ ಕುಣಿಯುತ್ತಾರೆ. ಬೇರೆ ಮೇಜಿನವರನ್ನು ಕರೆಯುವುದು ತಪ್ಪಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ದೂರದಿಂದ ಕಣ್ಣು ಕೂಡಲಿ. ಆಕೆ ನಕ್ಕರೆ ಅಥವಾ ತಲೆಯಾಡಿಸಿದರೆ ಮಾತ್ರ ಹತ್ತಿರ ಹೋಗಿ. ಜೊತೆಯಲ್ಲಿರುವವರಿಗೆ ‘ಕೋನ್ ಪೆರ್ಮೀಸೊ’, ಅಪ್ಪಣೆಯಿರಲಿ, ಎಂದು ನಮಸ್ಕಾರದ ಧಾಟಿಯಲ್ಲಿ ಹೇಳಿ, ಆಮೇಲೆ ಆಕೆಯ ಕಡೆಗೆ ಅಂಗೈ ಚಾಚಿ ‘ಬಾಯ್ಲಾಮೊಸ್?’, ಕುಣಿಯೋಣವೇ, ಎನ್ನಿ. ಜೊತೆಯವರಿಗೆ ಹೇಳುವುದು ಮರ್ಯಾದೆಗೆ, ಒಪ್ಪಿಗೆ ಆಕೆಯದು ಮಾತ್ರ. ‘ನೋ, ಗ್ರಾಸಿಯಾಸ್’ ಎಂದರೆ ಮುಗಿಯಿತು. ನಗುತ್ತಾ ಮರಳಿ ಬನ್ನಿ, ಕಾರಣ ಕೇಳಬೇಡಿ, ಅದೇ ಮೇಜಿನ ಇನ್ನೊಬ್ಬರನ್ನು ಆ ಕ್ಷಣವೇ ಕರೆಯಬೇಡಿ.

ಒಂದು ಹಾಡು ಎಂದರೆ ನಾಲ್ಕೈದು ನಿಮಿಷ. ಆ ಹಾಡಿನ ಮಟ್ಟಿಗೆ ಮಾತ್ರ ನಿಮಗೆ ಒಬ್ಬರ ಕೈ ಸಿಕ್ಕಿದೆ. ಬಲಗೈ ಆಕೆಯ ಭುಜದ ಮೂಳೆಯ ಕೆಳಗೆ, ಬೆನ್ನಿನ ಮೇಲ್ಭಾಗದಲ್ಲಿರಲಿ, ಅಲ್ಲಿಂದ ಕದಲದಿರಲಿ. ಬಿಗಿಯಾಗಿ ಹಿಡಿಯಬೇಡಿ, ತೂಗುಯ್ಯಾಲೆಯ ಹಗ್ಗ ಹಿಡಿದಷ್ಟು ಸಾಕು. ವೇಗ ಹಿಡಿಯಲಾಗದಿದ್ದರೆ ಎರಡು ಎಣಿಕೆಗೆ ಒಂದು ಹೆಜ್ಜೆ ಹಾಕಿ, ಆಕೆ ಅರ್ಥಮಾಡಿಕೊಳ್ಳುತ್ತಾಳೆ. ಹಾಡು ಮುಗಿದ ಮೇಲೆ ನೆಲದ ನಡುವೆ ಬಿಟ್ಟು ಬರಬಾರದು, ಮೇಜಿನವರೆಗೆ ಜೊತೆಯಾಗಿ ನಡೆದು ‘ಗ್ರಾಸಿಯಾಸ್’ ಹೇಳಿ ತಿರುಗಿ ಬನ್ನಿ. ಒಂದು ನೃತ್ಯಕ್ಕೆ ಒಪ್ಪಿದ್ದು ನೃತ್ಯಕ್ಕೆ ಒಪ್ಪಿದ್ದು, ಅಷ್ಟೇ.

ಐದಾರು ಜನ ಗಂಡಸರು ಗುಂಪಾಗಿ ನಿಂತು ಕುಣಿಯುವ ಹೆಂಗಸರನ್ನು ಎವೆಯಿಕ್ಕದೆ ನೋಡುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇಡ. ನಮ್ಮವರ ಒಂದು ಗುಂಪು ಹಾಗೆ ಮಾಡಿ, ಬಾರ್‌ನವರು ಬಂದು ಸಮಾಧಾನದಿಂದಲೇ ಹೊರಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂದು ನನಗಾದ ನೋವು ಇನ್ನೂ ಇದೆ. ಚಿತ್ರ ಬೇಕಾದರೆ ನಿಮ್ಮ ಮೇಜಿನದನ್ನು ತೆಗೆದುಕೊಳ್ಳಿ, ಬೇರೆಯವರದಾದರೆ ಕೇಳಿ ತೆಗೆಯಿರಿ.

ಹೆಂಗಸರಿಗೆ: ಎಲ್ಲರಿಗೂ ‘ಹೂಂ’ ಎನ್ನಬೇಕಿಲ್ಲ. ‘ಎಸ್ತೊಯ್ ದೆಸ್ಕಾನ್ಸಾಂದೊ’, ವಿಶ್ರಾಂತಿ ಪಡೆಯುತ್ತಿದ್ದೇನೆ, ಎಂದರೆ ಅದು ಪೂರ್ಣ ಉತ್ತರ. ಯಾರಾದರೂ ಮೈಮೇಲೆ ಬಿದ್ದಂತೆ ಕುಣಿದರೆ ಎಡ ಮುಂಗೈಯನ್ನು ಆತನ ತೋಳಿನ ಮುಂದೆ ಅಡ್ಡ ಇಡಿ, ಅಂತರ ತಾನಾಗಿ ಹುಟ್ಟುತ್ತದೆ. ಹಾಡಿನ ನಡುವೆ ಬಿಟ್ಟು ಬರುವ ಹಕ್ಕೂ ನಿಮಗಿದೆ. ನೀವಾಗಿ ಕರೆಯುವುದಾದರೆ ಹಿರಿಯರನ್ನು ಕರೆಯಿರಿ. ಎಪ್ಪತ್ತರ ಅಜ್ಜಂದಿರಷ್ಟು ಚೆನ್ನಾಗಿ ಹೆಜ್ಜೆ ಕಲಿಸುವವರು ಬೇರಿಲ್ಲ.

ಭಾಷೆಯ ಮಾತು. ನಮ್ಮ ‘ನೀನು-ನೀವು’ ಭೇದ ಅಲ್ಲೂ ಇದೆ. ಕಾಲಿಯವರು ಗೆಳೆಯರೊಳಗೆ ‘ವೋಸ್’ ಎನ್ನುತ್ತಾರೆ, ಮಾತಿನ ಮೊದಲಿಗೆ ‘ಮಿರಾ, ವೇ’ ಎಂದು ಎಳೆದು ಹೇಳುತ್ತಾರೆ. ನೀವು ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೇದ್’ ಬಳಸಿ. ಅವರೇ ‘ವೋಸ್’ ಎಂದು ಕರೆದ ದಿನ ನೀವು ಆ ಜಗಲಿಗೆ ಸೇರಿದಂತೆ.

ಪರಂಗಿ ಹಣ್ಣು ಕೊಡಬೇಡಿ

‘ನೋ ದಾರ್ ಪಪಾಯಾ’, ಪರಂಗಿ ಹಣ್ಣು ಕೊಡಬೇಡ, ಎಂಬುದು ಕೊಲಂಬಿಯಾದ ಮನೆಮಾತು. ಹಣ್ಣನ್ನು ಸುಲಿದು ಕೈಗಿಟ್ಟಂತೆ ಕಳ್ಳನಿಗೆ ಅವಕಾಶ ಮಾಡಿಕೊಡಬೇಡ ಎಂದು ಅರ್ಥ. ಮೇಜಿನ ಮೇಲೆ ಮೊಬೈಲ್ ಇಡುವುದು, ಬೀದಿಯಲ್ಲಿ ನಿಂತು ನಕ್ಷೆ ನೋಡುವುದು, ಕುರ್ಚಿಗೆ ಬ್ಯಾಗು ನೇತುಹಾಕಿ ಕುಣಿಯಲು ಹೋಗುವುದು ಎಲ್ಲವೂ ಪರಂಗಿ ಹಣ್ಣೇ. ನನ್ನ ಮೊಬೈಲ್ ಹೋದದ್ದು ಬಾರ್‌ನೊಳಗಲ್ಲ, ಹೊರಗೆ ಕಾರಿಗೆ ಕಾಯುತ್ತಾ ಪರದೆ ನೋಡುತ್ತಿದ್ದಾಗ. ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು, ಮೂರು ಸೆಕೆಂಡಿನ ಕೆಲಸ. ಕಾರನ್ನು ಒಳಗಿದ್ದೇ ಕರೆಸಿ, ಅದು ಬಾಗಿಲಿಗೆ ಬಂದ ಮೇಲೆ ಹೊರಬನ್ನಿ. ಒಂದು ವೇಳೆ ಯಾರಾದರೂ ಅಡ್ಡಗಟ್ಟಿ ಕೇಳಿದರೆ ಎದುರಾಡದೆ ಕೊಟ್ಟುಬಿಡಿ. ವಸ್ತು ಮತ್ತೆ ಕೊಳ್ಳಬಹುದು.

ಇದಕ್ಕಿಂತ ಗಂಭೀರವಾದದ್ದು ಸ್ಕೊಪೊಲಮಿನ್. ಊರಿನವರು ‘ಬುರುಂದಾಂಗಾ’ ಎನ್ನುತ್ತಾರೆ. ನಮ್ಮ ಉಮ್ಮತ್ತಿ ಗಿಡದಲ್ಲಿರುವ ವಿಷವೇ ಇದು. ಅಲ್ಲಿ ಉಮ್ಮತ್ತಿಯ ಬಂಧುವಾದ, ತುತ್ತೂರಿಯಂತೆ ಜೋತುಬೀಳುವ ಹೂವಿನ ಮರದಲ್ಲೂ ಇದೆ. ಪಾನೀಯದಲ್ಲಿ ಬೆರೆಸಿದರೆ ಸುಳಿವು ಸಿಗುವುದಿಲ್ಲ. ಕುಡಿದವರು ನಡೆದಾಡುತ್ತಾರೆ, ಮಾತಾಡುತ್ತಾರೆ, ಕೇಳಿದ್ದನ್ನು ಕೊಡುತ್ತಾರೆ, ಮರುದಿನ ಏನೂ ನೆನಪಿರುವುದಿಲ್ಲ. ಪ್ರಮಾಣ ಹೆಚ್ಚಾದರೆ ಪ್ರಾಣ ಹೋಗುತ್ತದೆ. 2023ರ ಕೊನೆಯ ಎರಡು ತಿಂಗಳಲ್ಲಿ ಮೆಡೆಯೀನ್ ನಗರದಲ್ಲಿ ಎಂಟು ಅಮೆರಿಕನ್ನರು ಅನುಮಾನಾಸ್ಪದವಾಗಿ ಸತ್ತರೆಂದೂ, ಆ ಪ್ರಕರಣಗಳಲ್ಲಿ ಕೆಲವಕ್ಕೆ ಡೇಟಿಂಗ್ ಆ್ಯಪ್‌ಗಳ ನಂಟಿದೆಯೆಂದೂ ಕೊಲಂಬಿಯಾದಲ್ಲಿರುವ ಅಮೆರಿಕ ರಾಯಭಾರ ಕಚೇರಿ ಎಚ್ಚರಿಸಿತ್ತು. ಬಾಟಲಿ ನಿಮ್ಮ ಕಣ್ಣೆದುರೇ ತೆರೆಯಲಿ. ಕುಣಿಯಲು ಹೋಗುವಾಗ ಮೇಜಿನಲ್ಲಿ ಒಬ್ಬರು ಉಳಿಯಲಿ. ಎಲ್ಲರೂ ಎದ್ದರೆ ಮರಳಿ ಬಂದ ಮೇಲೆ ಲೋಟದಲ್ಲಿದ್ದುದನ್ನು ಚೆಲ್ಲಿ ಹೊಸದು ಹಾಕಿಕೊಳ್ಳಿ. ಅಪರಿಚಿತರು ಕೊಡುವ ಸಿಗರೇಟು, ಚೂಯಿಂಗ್ ಗಮ್ ಕೂಡ ಬೇಡ. ಆ್ಯಪಿನಲ್ಲಿ ಪರಿಚಯವಾದವರನ್ನು ಮೊದಲ ಭೇಟಿಯಲ್ಲಿ ಕೋಣೆಗೆ ಕರೆಯಬೇಡಿ, ಅವರಿರುವಲ್ಲಿಗೂ ಹೋಗಬೇಡಿ. ಜೊತೆಯವರಲ್ಲಿ ಒಬ್ಬರು ಕುಡಿದದ್ದಕ್ಕಿಂತ ಹೆಚ್ಚು ಮಂಕಾಗಿ ಕಂಡರೆ ಕಾಯಬೇಡಿ, ನೇರ ಆಸ್ಪತ್ರೆಗೆ. ತುರ್ತು ಸಂಖ್ಯೆ 123.

ಮಾದಕವಸ್ತು ಬೇಕೇ ಎಂದು ಬೀದಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ನೋ, ಗ್ರಾಸಿಯಾಸ್’ ಎಂದು ನಿಲ್ಲದೆ ನಡೆಯಿರಿ. ಆ ವ್ಯಾಪಾರದಿಂದ ಈ ಊರು ಸುರಿಸಿದ ಕಣ್ಣೀರನ್ನು ಅಲ್ಲಿನವರ ಬಾಯಲ್ಲಿ ಕೇಳಿದ ಮೇಲೆ ಅದನ್ನು ಪ್ರವಾಸದ ಮೋಜು ಎಂದು ಮಾತಾಡುವವರನ್ನು ನಾನು ಸಹಿಸಲಾರೆ.

ಮರಳುವಾಗ

ಹೊರಡುವ ಸಮಯವನ್ನು ಮೊದಲೇ ಜೊತೆಯವರೆಲ್ಲ ಸೇರಿ ಗೊತ್ತುಮಾಡಿಕೊಳ್ಳಿ. ರಾತ್ರಿ ಹನ್ನೊಂದರ ನಂತರ ಮೀಯೊ ಬಸ್ಸುಗಳನ್ನು ನೆಚ್ಚಬೇಡಿ. ಬೀದಿಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸಬೇಡಿ. ಮೊಬೈಲ್ ಆ್ಯಪ್‌ನಿಂದ ಕರೆಸಿ, ನಂಬರ್ ಫಲಕ ತಾಳೆ ನೋಡಿ, ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ಎರಡು ಬೀದಿಯಾಚೆಗಿನ ಹೋಟೆಲಾದರೂ ನಡೆಯಬೇಡಿ. ‘ಲಾ ಕ್ವೆಂತಾ, ಪೋರ್ ಫಾವೋರ್’ ಎಂದರೆ ಬಿಲ್ ಬರುತ್ತದೆ. ಅದರಲ್ಲಿ ಸೇರಿಸುವ ಶೇ. 10ರ ಸೇವಾಶುಲ್ಕ ಐಚ್ಛಿಕ, ಹಾಕಲೇ ಎಂದು ಕೇಳುತ್ತಾರೆ. ಕೊಟ್ಟುಬಿಡಿ, ಆ ಹುಡುಗರು ಬೆಳಗಿನ ಜಾವದವರೆಗೆ ನಿಂತಿರುತ್ತಾರೆ.

ಕೋಣೆಗೆ ಬಂದು ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಡಿ, ಒಂದು ಲೀಟರ್ ನೀರು ಕುಡಿದು ಮಲಗಿ.

ಭಾನುವಾರ ಮಧ್ಯಾಹ್ನ ಊರಿನಲ್ಲಿದ್ದರೆ ‘ವಿಯೆಹೋತೇಕಾ’ ಎಲ್ಲಿದೆ ಎಂದು ಕೇಳಿ. ಹಿರಿಯರಿಗಾಗಿ ಶುರುವಾದ ಹಗಲಿನ ಕುಣಿತದ ಕೂಟ ಅದು, ಈಗ ಎಲ್ಲ ವಯಸ್ಸಿನವರೂ ಬರುತ್ತಾರೆ. ರಾತ್ರಿಯ ಬಾರ್ ಬೇಡ ಎನ್ನುವ ಅಪ್ಪ ಅಮ್ಮ ನಿಮ್ಮ ಜೊತೆ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಬಹುದು. ನಾನು ಒಬ್ರೇರೊದಲ್ಲಿ ಕಂಡ ಗಂ‌ಟೆಯ ಹಿರಿಯರು ಅಲ್ಲಿ ಹೆಂಡತಿಯ ಜೊತೆ ಬಂದಿದ್ದರು. ಕಪ್ಪು ಬಿಳುಪು ಎರಡು ಬಣ್ಣದ ಬೂಟು. ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಮೂರು ಹೆಂಚುಗಳಷ್ಟು ಜಾಗ ಬಿಟ್ಟು ಕದಲದೆ ಒಂದು ಇಡೀ ಹಾಡನ್ನು ಕುಣಿದರು. ಮೇಜಿಗೆ ಬಂದವರು ಗಂಟೆಯನ್ನೂ ಕೋಲನ್ನೂ ನನ್ನ ಕೈಗಿಟ್ಟು, ಮುಂದಿನ ಹಾಡಿಗೆ ನೀವು ಬಾರಿಸಿ ಎಂದರು.